ಹುಳುವಿನ ಮನೆಯ ತಾಪಮಾಪಕ

ಕನಕಪುರದ ಕಡೆಯ ಹಳ್ಳಿಗಳಲ್ಲಿ ರೇಷ್ಮೆ ಹುಳು ಸಾಕುವ ಮನೆಯೊಳಗೆ ಯಾರೂ ಹಾಗೇ ನುಗ್ಗುವಂತಿಲ್ಲ. ಚಪ್ಪಲಿ ಹೊರಗೇ ಬಿಡಬೇಕು. ಹೊಸ್ತಿಲ ಬಳಿ ಸೋಂಕು ನಿವಾರಕದಲ್ಲಿ ನೆನೆಸಿ ಹಾಸಿದ ಗೋಣಿಯ ಮೇಲೆ ಕಾಲಿಟ್ಟು ಬರಬೇಕು. ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು ಮುಟ್ಟಿದರೆ ಮನೆಯ ಹೆಂಗಸರಿಂದ ಬೈಗುಳ ಖಚಿತ. ಒಳಗೆ ಗೋಡೆಗೆ ಒಣ–ತೇವ ಬಲ್ಬುಗಳ ತಾಪಮಾಪಕ ತೂಗುತ್ತಿರುತ್ತದೆ. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, 27–28 ಡಿಗ್ರಿ ಶಾಖ, ಶೇ 80–90ರಷ್ಟು ತೇವಾಂಶ ಬೇಕು. ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಬಾರಿ ಪೊರೆ ಕಳಚಿ, ಎದ್ದ ಹುಳುವಿಗೆ 24–25 ಡಿಗ್ರಿ, ಶೇ 70 ಸಾಕು. ಬೇಸಿಗೆಯಲ್ಲಿ ಕಿಟಕಿಗೆ ಒದ್ದೆ ಗೋಣಿ ಕಟ್ಟುತ್ತಾರೆ. ಮಳೆಗಾಲದಲ್ಲಿ ಹಾಸಿಗೆ ಒಣಗಲೆಂದು ಸುಣ್ಣದ ಪುಡಿ ಉದುರಿಸುತ್ತಾರೆ. ಪಕ್ಕದ ಹೊಲದವನು ಔಷಧಿ ಹೊಡೆದನೆಂದರೆ ಆ ಅಂಚಿನ ಸಾಲಿನ ಸೊಪ್ಪನ್ನು ಹಲವು ದಿನ ಕೊಯ್ಯುವುದಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಮುದುಕಿಯೂ ಇಲ್ಲಿ ಗಾಳಿ, ನೀರು, ಶಾಖ, ಆಹಾರ ಒಂದು ಜೀವದ ಆರೋಗ್ಯವನ್ನು ಹೇಗೆ ಕಟ್ಟುತ್ತವೆ, ಹೇಗೆ ಕೆಡಿಸುತ್ತವೆ ಎಂಬುದನ್ನು ಬಲ್ಲಳು. ಹಾಲುತೊಂಡೆ ರೋಗ ಯಾವಾಗ ಬರುತ್ತದೆ, ಸುಣ್ಣಕಟ್ಟು ರೋಗ ಯಾವ ತಿಂಗಳಲ್ಲಿ ಹೆಚ್ಚು ಎಂದು ಕೇಳಿದರೆ ತಡವರಿಸದೆ ಹೇಳುತ್ತಾಳೆ.

ಈ ಎಚ್ಚರ ಬರೀ ಮನೆಯ ಮಟ್ಟದ್ದಲ್ಲ. ರೇಷ್ಮೆ ಬಿತ್ತನೆ, ಗೂಡು ಮತ್ತು ನೂಲಿನ ಉತ್ಪಾದನೆ–ಮಾರಾಟವನ್ನು ನಿಯಂತ್ರಿಸಲು ರಾಜ್ಯದಲ್ಲಿ 1959ರಷ್ಟು ಹಿಂದೆಯೇ ಕಾನೂನು ಬಂತು. ಮಾಗಡಿ, ಕುಣಿಗಲ್, ಹುಲಿಯೂರುದುರ್ಗದ ಸುತ್ತಲ ಹಳ್ಳಿಗಳು ಮೈಸೂರು ತಳಿಯ ಬಿತ್ತನೆ ಪ್ರದೇಶ. ಅಲ್ಲಿ ಯಾವ ತಳಿ ಸಾಕಬೇಕು, ಬಿತ್ತನೆ ಗೂಡು ಎಲ್ಲಿಗೆ ಹೋಗಬೇಕು ಎಂಬುದಕ್ಕೆಲ್ಲ ಕಟ್ಟುಪಾಡು ಉಂಟು. ಮೊಟ್ಟೆ ಕೋಠಿಗಳಲ್ಲಿ ಇವತ್ತಿಗೂ ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು, ಗಂಟು ರೋಗದ ಕಣಗಳಿವೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಈ ಪದ್ಧತಿ ಕೊಟ್ಟವನು ಲೂಯಿ ಪಾಶ್ಚರ್. ದಕ್ಷಿಣ ಫ್ರಾನ್ಸಿನ ಅಲೆಸ್ ಪಟ್ಟಣದಲ್ಲಿ 1865ರಿಂದ ಸುಮಾರು ಐದು ವರ್ಷ ಅವನು ಸಾಯುತ್ತಿದ್ದ ಹುಳುಗಳ ಹಿಂದೆ ಬಿದ್ದಿದ್ದ. ಗಂಟು ರೋಗ ತಾಯಿಯಿಂದ ಮೊಟ್ಟೆಗೆ ಇಳಿಯುವ ಸೋಂಕು ಎಂದು ತೋರಿಸಿದ. ಸಪ್ಪೆ ರೋಗದ ವಿಷಯದಲ್ಲಿ ಮಾತ್ರ ಅವನಿಗೆ ಬೇರೊಂದು ಪಾಠ ಸಿಕ್ಕಿತು. ಅಲ್ಲಿ ಸೂಕ್ಷ್ಮಜೀವಿಯೊಂದನ್ನೇ ಹಿಡಿದುಕೊಂಡರೆ ಸಾಲದು. ಗಾಳಿಯಾಡದ ಕೋಣೆ, ಕೊಳೆತ ಸೊಪ್ಪು, ಇಕ್ಕಟ್ಟು, ಸೆಕೆ ಎಲ್ಲ ಸೇರಿ ಹುಳುವನ್ನು ರೋಗಕ್ಕೆ ಒಡ್ಡುತ್ತವೆ. ರೋಗಾಣು ಸಿದ್ಧಾಂತದ ಪಿತಾಮಹನಿಗೇ ಪರಿಸರದ ಪಾತ್ರವನ್ನು ಮನಗಾಣಿಸಿದ್ದು ರೇಷ್ಮೆ ಹುಳು.

ಒಂದು ಹುಳುವಿನ ಪರಿಸರವನ್ನು ಇಷ್ಟು ಜತನದಿಂದ ಅಳೆಯುವ, ಅದಕ್ಕೊಂದು ಕಾನೂನನ್ನೇ ಮಾಡಿಕೊಂಡ ಸೀಮೆ, ಅಲ್ಲೇ ಬದುಕುವ ಮನುಷ್ಯನ ಪರಿಸರವನ್ನು ಯಾಕೆ ಅಳೆಯುತ್ತಿಲ್ಲ? ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಮಟ್ಟಿಗೆ ಪರಿಸರ ಮತ್ತು ಆರೋಗ್ಯದ ಅಧ್ಯಯನ ಎಂದರೆ ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು. ರಾಮನಗರ ಜಿಲ್ಲೆಯ ಹೆಸರನ್ನು 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಬದಲಿಸಲಾಯಿತು, ಪ್ರಶ್ನೆ ಬದಲಾಗಲಿಲ್ಲ.

ಗೂಡಿನ ಬೆನ್ನು ಹತ್ತಿದರೆ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ. ಹುಳು ಗೂಡು ಕಟ್ಟುವ ಚಂದ್ರಿಕೆಯಿಂದ ಬಿಡಿಸಿದ ಗೂಡು ರಾಮನಗರದ ಮಾರುಕಟ್ಟೆಗೆ ಬರುತ್ತದೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಗೂಡಿನ ಮಾರುಕಟ್ಟೆ ಅದು. ಹರಾಜಾದ ಗೂಡು ಊರಿನ ಬೀದಿಗಳಲ್ಲಿರುವ ನೂಲು ಬಿಚ್ಚಾಣಿಕೆ ಘಟಕಗಳಿಗೆ ಹೋಗುತ್ತದೆ. ಅಲ್ಲಿಗೆ ಹೋದವರ ಮೂಗಿಗೆ ಮೊದಲು ಬಡಿಯುವುದು ಬೆಂದ ಹುಳುವಿನ ನಾತ. ಒಲೆಯ ಹೊಗೆ, ಬಾಯ್ಲರಿನ ಶಾಖ, ಬೇಸಿನ್‌ಗಳಿಂದ ಏಳುವ ಹಬೆ ಒಂದರೊಳಗೊಂದು ಬೆರೆತು ಶೆಡ್ಡಿನ ಸೂರಿಗೆ ಕಟ್ಟಿಕೊಂಡಿರುತ್ತವೆ. ಬೇಸಿನ್ನಿನ ಮುಂದೆ ಕೂತವಳು ಬಿಸಿನೀರಿನಲ್ಲಿ ಕುಣಿಯುವ ಗೂಡುಗಳಿಂದ ಎಳೆಯ ತುದಿ ಹುಡುಕಿ, ಆರೆಂಟು ಎಳೆ ಸೇರಿಸಿ, ತುಂಡಾದ ಕಡೆ ಮತ್ತೆ ಹಚ್ಚುತ್ತಾಳೆ. ಎಳೆ ಕೂದಲಿಗಿಂತ ಸಪೂರ. ಅದು ಬೆರಳ ತುದಿಗೆ ಸಿಗಬೇಕಾದರೆ ಕೈಗವಸು ಹಾಕುವಂತಿಲ್ಲ. ಸಂಜೆಯ ಹೊತ್ತಿಗೆ ಅಂಗೈ ಚರ್ಮ ನೆನೆದು ಬಿಳಿಚಿ ಸುಕ್ಕುಗಟ್ಟಿರುತ್ತದೆ. ಉಗುರಿನ ಸಂದಿ ಕೆಂಪಗೆ ಊದಿ ಹುಣ್ಣಾಗಿರುತ್ತದೆ. ಈ ಕೈಗಳ ಪೈಕಿ ಮಕ್ಕಳ ಕೈಗಳೂ ಇದ್ದವು. ರೇಷ್ಮೆ ಉದ್ಯಮದಲ್ಲಿನ ಜೀತದ ಬಾಲಕಾರ್ಮಿಕರ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಪ್ರಕಟಿಸಿದ ವರದಿಯಲ್ಲಿ ಕರ್ನಾಟಕದ ಬಿಚ್ಚಾಣಿಕೆ ಘಟಕಗಳ ಚಿತ್ರಣವೂ ಇದೆ. ಬಾಲಕಾರ್ಮಿಕ ಪದ್ಧತಿಯ ಮೇಲೆ ಆಮೇಲೆ ಕಣ್ಗಾವಲು ಹೆಚ್ಚಿತು. ಸ್ವಯಂಚಾಲಿತ ಯಂತ್ರ ಬಂದ ಘಟಕಗಳಲ್ಲಿ ಕೈ ಬಹುಮಟ್ಟಿಗೆ ಬಿಸಿನೀರಿನಿಂದ ಹೊರಬಂತು. ಗಾಳಿಯ ವಿಷಯ ಬೇರೆ.

ರೇಷ್ಮೆ ಎಳೆಯ ಮೇಲಿನ ಅಂಟು ಒಂದು ಪ್ರೋಟೀನು, ಹೆಸರು ಸೆರಿಸಿನ್. ಗೂಡು ಬೇಯಿಸಿದಾಗ ಅದು ನೀರಿಗಿಳಿಯುತ್ತದೆ. ಹುಳುವಿನ ಮೈಯ ಪ್ರೋಟೀನುಗಳೂ ಜೊತೆಗೆ ಸೇರುತ್ತವೆ. ಇವುಗಳ ಅತಿ ಸಣ್ಣ ಹನಿ, ಒಣ ಧೂಳು ಉಸಿರಿನ ಜೊತೆ ಒಳಗಿಳಿದರೆ ಕೆಲವರ ದೇಹ ಅದನ್ನು ಶತ್ರುವೆಂದು ಬಗೆದು ಕೆರಳುತ್ತದೆ. ಮೂಗು ಸೋರುವುದು, ಸೀನು, ಕೊನೆಗೆ ಉಬ್ಬಸ. ಇದು ಊಹೆಯ ಮಾತಲ್ಲ. ಫಿಲೇಚರ್‌ಗಳ, ಅಂದರೆ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಗಳ, ಕಾರ್ಮಿಕರನ್ನು ಪರೀಕ್ಷಿಸಿ ಭಾರತೀಯ ವಿಜ್ಞಾನಿಗಳು 1985ರಲ್ಲಿ ಅಲರ್ಜಿ ಕುರಿತ ಅಂತರರಾಷ್ಟ್ರೀಯ ನಿಯತಕಾಲಿಕೆಯೊಂದರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಕೆಲಸದಿಂದ ಬಂದ ಉಬ್ಬಸದ ಬಾಧೆಯಿತ್ತು. ಆ ಅಧ್ಯಯನಕ್ಕೆ ಈಗ ನಾಲ್ಕು ದಶಕ ತುಂಬಿದೆ. ಅಂಥದೊಂದು ಸಂಗತಿ ಹುಳುವಿನ ಬಗ್ಗೆ ಗೊತ್ತಾಗಿದ್ದರೆ ಮರುವರ್ಷವೇ ಇಲಾಖೆಯ ಕರಪತ್ರ ಮನೆಮನೆಗೆ ಬಂದಿರುತ್ತಿತ್ತು.

ಹೀಗಾಗುವುದಕ್ಕೆ ಕಾರಣ ಯಾರದೋ ದುಷ್ಟತನವಲ್ಲ. ಕಾರ್ಖಾನೆ ಕಾಯ್ದೆ ವಿದ್ಯುತ್ ಬಳಸುವ ಕಡೆ 10 ಮಂದಿ ಕಾರ್ಮಿಕರಿದ್ದರೆ ಮಾತ್ರ ಅದನ್ನು ಕಾರ್ಖಾನೆ ಎನ್ನುತ್ತಿತ್ತು; ಹೊಸ ಕಾರ್ಮಿಕ ಸಂಹಿತೆ ಆ ಮಿತಿಯನ್ನು 20ಕ್ಕೆ ಏರಿಸಿದೆ. ಆರು ಬೇಸಿನ್ನಿನ ಶೆಡ್ಡು ಎರಡು ಲೆಕ್ಕದಲ್ಲೂ ಕಾರ್ಖಾನೆಯಲ್ಲ. ರೇಷ್ಮೆ ಇಲಾಖೆಗೆ ಬೇಕಾದದ್ದು ನೂಲಿನ ಗುಣಮಟ್ಟ. ಮಾಲಿನ್ಯ ನಿಯಂತ್ರಣ ಮಂಡಳಿ ನೋಡುವುದು ಶೆಡ್ಡಿನಿಂದ ಹೊರಗೆ ಹೋಗುವ ಹೊಗೆ, ನೀರನ್ನು. ಶೆಡ್ಡಿನ ಒಳಗೆ ಉಸಿರಾಡುವವಳು ಯಾವ ಇಲಾಖೆಯ ಕಡತಕ್ಕೂ ಸೇರುವುದಿಲ್ಲ. ಉಬ್ಬಸ ತಡೆಯಲಾರದೆ ಆಕೆ ಆಸ್ಪತ್ರೆಗೆ ಹೋದಾಗ ಚೀಟಿಯಲ್ಲಿ ಬೀಳುವುದು ಹೆಸರು, ವಯಸ್ಸು, ಊರು, ಬಿಪಿ, ಸಕ್ಕರೆ. ಇನ್ಹೇಲರ್ ಕೈಗೆ ಬರುತ್ತದೆ. ಮರುದಿನ ಬೆಳಿಗ್ಗೆ ಅದೇ ಬೇಸಿನ್ನು.

ಇಟಲಿಯ ಮೊಡೆನಾದ ವೈದ್ಯ ಬರ್ನಾರ್ಡಿನೊ ರಾಮಾಜ್ಜಿನಿ 1700ರಲ್ಲಿ ಕಸುಬುದಾರರ ಕಾಯಿಲೆಗಳ ಮೇಲೆ ಒಂದು ಗ್ರಂಥ ಬರೆದ. ಹಿಪಾಕ್ರಟಿಸ್ ರೋಗಿಗೆ ಕೇಳಬೇಕೆಂದು ಹೇಳಿಕೊಟ್ಟ ಪ್ರಶ್ನೆಗಳ ಪಟ್ಟಿಗೆ ಅವನು ಸೇರಿಸಿದ್ದು ಇನ್ನೊಂದೇ ಪ್ರಶ್ನೆ: ನಿನ್ನ ಕೆಲಸವೇನು? ಅಗಸೆ ನಾರು, ಸೆಣಬು, ರೇಷ್ಮೆ ಹಿಕ್ಕುವವರ ಕೆಮ್ಮಿನ ಮೇಲೆ ಅವನ ಪುಸ್ತಕದಲ್ಲಿ ಒಂದು ಅಧ್ಯಾಯವೇ ಇದೆ. ಮೂರು ಶತಮಾನ ದಾಟಿದರೂ ಆ ಪ್ರಶ್ನೆಗೆ ನಮ್ಮ ಹೊರರೋಗಿ ಚೀಟಿಯಲ್ಲಿ ಜಾಗ ಗಟ್ಟಿಯಾಗಿಲ್ಲ. ರಾಮನಗರದ ಮಟ್ಟಿಗೆ ಇನ್ನೊಂದು ಪ್ರಶ್ನೆಯನ್ನೂ ಕೂಡಿಸಬೇಕು: ಯಾವ ನೀರು?

ಆ ನೀರಿನ ಕತೆ ವಿಚಿತ್ರವಾದದ್ದು. ಬೆಂಗಳೂರು ಕುಡಿಯುವ ಕಾವೇರಿ ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ, ತಾತಗುಣಿಯ ಪಂಪುಗಳನ್ನು ದಾಟಿ, ಕೊಳವೆಗಳಲ್ಲಿ ಕನಕಪುರ ಸೀಮೆಯ ಮೂಲಕವೇ ಮೇಲೇರುತ್ತದೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಶುರುವಾದ ಮೇಲೆ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ಹೆಚ್ಚಿಗೆ ಏರಿಸುವ ಸಾಮರ್ಥ್ಯ ಬಂತು. ನಗರ ಅದನ್ನು ಬಳಸಿ ಚೆಲ್ಲಿದ ಮೇಲೆ ದೊಡ್ಡದೊಂದು ಪಾಲು ವೃಷಭಾವತಿಯಾಗಿ ಅದೇ ಸೀಮೆಗೆ ಇಳಿದು ಬರುತ್ತದೆ. ಬಸವನಗುಡಿಯ ಬಸವನ ಕಾಲ ಬಳಿ ಹುಟ್ಟುವ ಹೊಳೆ ಎಂಬ ಐತಿಹ್ಯ ಅದಕ್ಕಿದೆ; ಮೈಸೂರು ರಸ್ತೆಯಲ್ಲಿ ಹೋಗುವವರಿಗೆ ಅದು ಮೂಗು ಮುಚ್ಚಿಸುವ ಮೋರಿ. ಬಿಡದಿ ಬಳಿಯ ಬೈರಮಂಗಲ ಕೆರೆ ಕಟ್ಟಿದ್ದು 1940ರ ದಶಕದಲ್ಲಿ, ಭತ್ತ ಬೆಳೆಯಲೆಂದು. ಈಗ ಅಲ್ಲಿ ನಿಲ್ಲುವುದು ನಗರದ ಚರಂಡಿ ಮತ್ತು ಕಾರ್ಖಾನೆಗಳ ತ್ಯಾಜ್ಯ. ಮುಂದೆ ವೃಷಭಾವತಿ ಅರ್ಕಾವತಿಯನ್ನು ಸೇರಿ, ಸಂಗಮದಲ್ಲಿ ಮತ್ತೆ ಕಾವೇರಿಯಾಗುತ್ತದೆ. ನಗರ ನೀರೆತ್ತುವ ಜಾಗ ಅದಕ್ಕಿಂತ ಮೇಲಿರುವುದರಿಂದ ಬೆಂಗಳೂರಿನವರು ತಮ್ಮ ಕೊಳೆಯನ್ನು ತಾವು ಕುಡಿಯುವುದಿಲ್ಲ. ಕೆಳಗಿನವರು ಕುಡಿಯುತ್ತಾರೆ.

ಬೈರಮಂಗಲದ ರೈತರನ್ನು ಬರೀ ಬಲಿಪಶುಗಳೆಂದು ಬಣ್ಣಿಸುವುದು ಸುಲಭ, ಆದರೆ ಅದು ಅರ್ಧ ಸತ್ಯ. ಮಳೆ ಕೈಕೊಟ್ಟ ವರ್ಷವೂ ಬತ್ತದ ಹೊಳೆ ಅವರಿಗೆ ಸಿಕ್ಕಿದೆ. ಸಾರಜನಕ, ರಂಜಕ ನೀರಿನಲ್ಲೇ ಇರುವುದರಿಂದ ಗೊಬ್ಬರದ ಖರ್ಚು ಕಡಿಮೆ. ಭತ್ತ ಕೈಹಿಡಿಯದಾದಾಗ ಸೀಮೆಹುಲ್ಲು, ಬೇಬಿ ಕಾರ್ನ್, ಹಿಪ್ಪುನೇರಳೆಯ ಕಡೆಗೆ ಹೊರಳಿದರು. ಹುಲ್ಲು ತಿಂದ ಹಸುವಿನ ಹಾಲು, ಹೊಲದ ತರಕಾರಿ ಮತ್ತೆ ನಗರಕ್ಕೇ ಹೋಗುತ್ತವೆ. ಕೊಳಚೆಯನ್ನು ಕೆರೆ ತಪ್ಪಿಸಿ ಕಾಲುವೆಯಲ್ಲಿ ಹಾಯಿಸುವ ಯೋಜನೆ ಬಂದಾಗ, ನೀರನ್ನು ಶುದ್ಧ ಮಾಡಿ ಕೊಡಿ, ದಾರಿ ತಪ್ಪಿಸಬೇಡಿ ಎಂದು ಪ್ರತಿಭಟಿಸಿದವರೂ ಇಲ್ಲಿನ ರೈತರೇ.

ಹಾಗಾದರೆ ಈ ನೀರು ಎಷ್ಟು ಕೆಟ್ಟದ್ದು, ಯಾರಿಗೆ ಕೆಟ್ಟದ್ದು? ಇಲ್ಲಿ ಅಧ್ಯಯನದ ಕಷ್ಟ ಶುರುವಾಗುತ್ತದೆ. ಏಟ್ರೀಯಂಥ ಪರಿಸರ ಸಂಶೋಧನಾ ಸಂಸ್ಥೆಗಳವರು ವೃಷಭಾವತಿಯ ನೀರನ್ನು ವರ್ಷಗಟ್ಟಲೆ ಪರೀಕ್ಷಿಸಿದ್ದಾರೆ. ಮಣ್ಣಿನಲ್ಲಿ, ತರಕಾರಿಯಲ್ಲಿ ಭಾರಲೋಹ ಅಳೆದವರು ಬೇರೆ ಇದ್ದಾರೆ. ಆದರೆ ನೀರಿನಲ್ಲಿ ಕ್ರೋಮಿಯಂ ಇದೆ ಎಂದ ಮಾತ್ರಕ್ಕೆ ಅದು ಕಾಯಿಲೆಯ ಪುರಾವೆಯಲ್ಲ. ನೀರಿನಿಂದ ಮಣ್ಣಿಗೆ, ಮಣ್ಣಿನಿಂದ ಸೊಪ್ಪಿಗೆ, ಸೊಪ್ಪಿನಿಂದ ತಟ್ಟೆಗೆ, ತಟ್ಟೆಯಿಂದ ರಕ್ತಕ್ಕೆ ಎಷ್ಟೆಷ್ಟು ದಾಟಿತು ಎಂದು ಒಂದೇ ಊರಿನಲ್ಲಿ, ಒಂದೇ ಕಾಲದಲ್ಲಿ ಅಳೆದರೆ ಮಾತ್ರ ಕೊಂಡಿ ಕೂಡುತ್ತದೆ. ಈಗ ನೀರು ಒಬ್ಬರದು, ಮಣ್ಣು ಇನ್ನೊಬ್ಬರದು, ಆಹಾರ ಮತ್ತೊಂದು ಇಲಾಖೆಯದು, ರಕ್ತ ಯಾರದೂ ಅಲ್ಲ. ಅಳೆಯುವ ಹೊತ್ತೂ ಮುಖ್ಯ. ತ್ಯಾಜ್ಯವನ್ನು ರಾತ್ರಿ ಬಿಡುವವನ ಗುಟ್ಟು ಬೆಳಿಗ್ಗೆ ಹತ್ತು ಗಂಟೆಗೆ ತುಂಬಿದ ಬಾಟಲಿಯಲ್ಲಿ ಸಿಗುವುದಿಲ್ಲ. ಅಪಾಯವೂ ಎಲ್ಲರಿಗೆ ಒಂದೇ ಅಲ್ಲ: ಹುಲ್ಲು ಕೊಯ್ಯಲು ಮೊಣಕಾಲಮಟ್ಟದ ನೀರಿಗಿಳಿಯುವ ಹೆಂಗಸಿಗೆ ಲೋಹಕ್ಕಿಂತ ಮೊದಲು ಕಾಡುವುದು ತುರಿಕೆ, ಕಜ್ಜಿ, ಜಂತುಹುಳು, ಬೋರ್‌ವೆಲ್ ನೀರು ಕುಡಿಯುವ ಮಗುವಿಗೆ ನೈಟ್ರೇಟು.

ಬೋರ್‌ವೆಲ್ ಎಂದಾಕ್ಷಣ ಬಂಡೆಯ ಮಾತು ಬರುತ್ತದೆ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಭೂವಿಜ್ಞಾನದ ಪುಸ್ತಕಗಳಲ್ಲಿ ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಹೆಸರು ಉಳಿದಿದೆ. ಸುಮಾರು 250 ಕೋಟಿ ವರ್ಷದ ಈ ಬಂಡೆಯ ಖನಿಜಗಳಲ್ಲಿ ಫ್ಲೋರೈಡ್ ಸೇರಿಕೊಂಡಿದೆ. ಬಾವಿಯ ಕಾಲದಲ್ಲಿ ಮೇಲ್ಪದರದ ನೀರು ಕುಡಿಯುತ್ತಿದ್ದವರು ಕೊಳವೆಯನ್ನು ಆಳಕ್ಕಿಳಿಸಿದಂತೆಲ್ಲ, ಬಂಡೆಯ ಬಿರುಕಿನಲ್ಲಿ ದೀರ್ಘಕಾಲ ನಿಂತು ಅದರ ಉಪ್ಪನ್ನು ಹೀರಿಕೊಂಡ ನೀರು ಬರುತ್ತದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದರೆ ಹಲ್ಲಿನ ಮೇಲೆ ಕಂದು ಪಟ್ಟೆ, ಇನ್ನೂ ಹೆಚ್ಚಾದರೆ ವರ್ಷಗಳ ಮೇಲೆ ಬಗ್ಗದ ಬೆನ್ನು, ಮಂಡಿ. ಐದು ರೂಪಾಯಿ ನಾಣ್ಯ ಹಾಕಿ ಕ್ಯಾನ್ ತುಂಬಿಸುವ ಶುದ್ಧ ನೀರಿನ ಘಟಕ ಈಗ ಹಳ್ಳಿಹಳ್ಳಿಯಲ್ಲೂ ಇದೆ. ಘಟಕ ಕೆಟ್ಟು ನಿಂತ ವಾರಗಳಲ್ಲಿ ಜನ ಏನು ಕುಡಿದರು ಎಂಬ ದಾಖಲೆ ಯಾವ ಪುಸ್ತಕದಲ್ಲಿದೆ?

ಇದೇ ಬಂಡೆ ಜೆಲ್ಲಿಯಾಗಿ, ಎಂ–ಸ್ಯಾಂಡ್ ಆಗಿ ಬೆಂಗಳೂರಿಗೆ ಹೋಗುತ್ತದೆ. ಕ್ರಷರ್‌ಗಳನ್ನು ವಸತಿ, ಹೆದ್ದಾರಿಗಳಿಂದ ದೂರವಿಡಲು 2011ರಲ್ಲಿ ರಾಜ್ಯ ಕಾಯ್ದೆ ತಂದಿತು. ಆದರೆ ಕಲ್ಲಿನ ಧೂಳಿನ ಸಿಲಿಕಾ ಕಣ ಎಲ್ಲರಿಗಿಂತ ಮೊದಲು ಇಳಿಯುವುದು ಕ್ರಷರಿನ ಪಕ್ಕದಲ್ಲೇ ನಿಂತವನ ಶ್ವಾಸಕೋಶಕ್ಕೆ. ಆ ಧೂಳಿನಿಂದ ಬರುವ ಸಿಲಿಕೋಸಿಸ್ ಮತ್ತು ಕ್ಷಯ ಎಕ್ಸ್‌ರೇಯಲ್ಲಿ ಒಂದನ್ನೊಂದು ಹೋಲುತ್ತವೆ. ಸಿಲಿಕಾ ಕೂತ ಶ್ವಾಸಕೋಶಕ್ಕೆ ಕ್ಷಯ ತಗಲುವ ಸಾಧ್ಯತೆಯೂ ಹೆಚ್ಚು. ಕಲ್ಲು ಒಡೆಯುವವನು ಎಂದು ಚೀಟಿಯಲ್ಲಿ ಬರೆಯದಿದ್ದರೆ ಅವನು ಕ್ಷಯರೋಗಿಯಾಗಿಯೇ ಔಷಧಿ ತಿನ್ನುತ್ತಾನೆ, ಕ್ಷಯರೋಗಿಯಾಗಿಯೇ ಸಾಯುತ್ತಾನೆ. ಸಿಲಿಕೋಸಿಸ್ ಆದರೆ ಮಾಲೀಕ ಪರಿಹಾರ ಕೊಡಬೇಕು. ಕ್ಷಯಕ್ಕೆ ಯಾರೂ ಕೊಡಬೇಕಿಲ್ಲ.

ಚನ್ನಪಟ್ಟಣದ ಬೊಂಬೆಯ ವಿಷಯಕ್ಕೆ ಬಂದರೆ ಚಿತ್ರ ಸ್ವಲ್ಪ ಬೇರೆ. ಆಲೆ ಮರದ ತುಂಡು ಲೇತಿನಲ್ಲಿ ತಿರುಗುವಾಗ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೆ ಅರಗು ಕರಗಿ ಬಣ್ಣ ಹಿಡಿಯುತ್ತದೆ. ಮಗು ಬಾಯಿಗಿಟ್ಟುಕೊಳ್ಳುವ ವಸ್ತುವಿನಲ್ಲಿ ಸೀಸ ಇರಬಾರದೆಂಬ ಒತ್ತಡ ಹೊರದೇಶದ ಗಿರಾಕಿಗಳಿಂದ ಬಂತು. ಅರಿಸಿನ, ನೀಲಿಯಂಥ ಸಸ್ಯಬಣ್ಣಗಳು ಮರಳಿ ಮರ್ಯಾದೆ ಪಡೆದವು. ಸೀಸದ ವಿಷಯದಲ್ಲಿ ಅಳತೆಯ ಬಲ ಏನೆಂದು ತೋರಿಸಿದ್ದೂ ನಮ್ಮ ರಾಜ್ಯವೇ. ಬೆಂಗಳೂರಿನ ಜಾರ್ಜ್ ಫೌಂಡೇಶನ್ 1990ರ ದಶಕದ ಕೊನೆಯಲ್ಲಿ ದೊಡ್ಡ ನಗರಗಳ ಸಾವಿರಾರು ಜನರ ರಕ್ತ ಪರೀಕ್ಷಿಸಿ, 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಸೀಸ ಅಂದಿನ ಅಪಾಯದ ಮಟ್ಟ ದಾಟಿದೆ ಎಂದು ತೋರಿಸಿತು. ಅಂಕಿ ಮುಂದಿಟ್ಟ ಮೇಲೆ ವಾದದ ಧಾಟಿಯೇ ಬದಲಾಯಿತು. 2000ದಲ್ಲಿ ಸೀಸ ಬೆರೆಸಿದ ಪೆಟ್ರೋಲು ದೇಶದಿಂದ ತೊಲಗಿತು. ಚನ್ನಪಟ್ಟಣದಲ್ಲಿ ಮಾತ್ರ ಅರ್ಧ ಕೆಲಸ ಆಗಿದೆ. ಆಡುವ ಮಗುವಿನ ಸುರಕ್ಷತೆಗೆ ಪ್ರಯೋಗಾಲಯದ ಪ್ರಮಾಣಪತ್ರ ಬಂದಿದೆ, ಬೊಂಬೆ ತಿರುವುವವನ ಮೂಗಿಗೆ ಹೋಗುವ ಮರದ ಧೂಳಿಗೆ ಬಂದಿಲ್ಲ. ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1990ರ ದಶಕದಲ್ಲೇ ಸೇರಿಸಿದೆ.

ಪರಿಸರ–ಆರೋಗ್ಯದ ಅಧ್ಯಯನ ಎಷ್ಟು ಜಾಣತನದಿಂದ ನಡೆಯಬಲ್ಲದು ಎಂಬುದಕ್ಕೆ ರಾಮನಗರದವರು ದೂರದ ಉದಾಹರಣೆ ಹುಡುಕಬೇಕಿಲ್ಲ. ತಲೆಯೆತ್ತಿ ರಾಮದೇವರ ಬೆಟ್ಟ ನೋಡಿದರೆ ಸಾಕು. ‘ಶೋಲೆ’ ಚಿತ್ರೀಕರಣದಿಂದ ಜಗತ್ತಿಗೆ ಗೊತ್ತಾದ ಈ ಬಂಡೆಗಳ ಸಂದಿಯಲ್ಲಿ ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟುತ್ತದೆ. 2012ರಲ್ಲಿ ಸುಮಾರು 346 ಹೆಕ್ಟೇರ್ ಜಾಗವನ್ನು ರಣಹದ್ದು ಧಾಮವೆಂದು ಘೋಷಿಸಲಾಯಿತು. ಆ ಹೊತ್ತಿಗೆ ದೇಶದ ರಣಹದ್ದುಗಳು ಬಹುಪಾಲು ಮುಗಿದಿದ್ದವು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ 1990ರ ದಶಕದಲ್ಲಿ ಅಗ್ಗವಾಗಿ ಎಲ್ಲೆಡೆ ಸಿಗತೊಡಗಿತು. ಆ ಔಷಧಿ ಮೈಯಲ್ಲಿರುವ ಸತ್ತ ದನವನ್ನು ತಿಂದ ಹದ್ದಿನ ಮೂತ್ರಪಿಂಡ ಕೆಲವೇ ದಿನದಲ್ಲಿ ಕೈಕೊಡುತ್ತದೆ ಎಂಬುದು 2004ರಲ್ಲಿ ಖಚಿತವಾಗಿ ಪ್ರಕಟವಾಯಿತು. 2006ರಲ್ಲಿ ಪಶುವೈದ್ಯಕೀಯ ಬಳಕೆ ನಿಷೇಧವಾಯಿತು. ಅದೇ ಬಗೆಯ ಕೀಟೊಪ್ರೊಫೆನ್, ಅಸೆಕ್ಲೊಫೆನಾಕ್‌ಗಳ ಸರದಿ ಬರಲು 2023 ಆಯಿತು.

ಹದ್ದು ಸತ್ತರೆ ಮನುಷ್ಯನಿಗೇನು ಎಂದು ಕೇಳಿದವರಿಗೆ ಇಬ್ಬರು ಅರ್ಥಶಾಸ್ತ್ರಜ್ಞರು, ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್, 2024ರಲ್ಲಿ ಉತ್ತರ ಕೊಟ್ಟರು. ಅವರು ಯಾವ ರೋಗಿಯ ನಾಡಿಯನ್ನೂ ಹಿಡಿಯಲಿಲ್ಲ. ಹಿಂದೆ ರಣಹದ್ದಿಗೆ ಹೇಳಿಮಾಡಿಸಿದಂತಿದ್ದ ಜಿಲ್ಲೆಗಳು ಯಾವುವು, ಮೊದಲಿಂದಲೂ ಹದ್ದು ಕಮ್ಮಿಯಿದ್ದ ಜಿಲ್ಲೆಗಳು ಯಾವುವು ಎಂದು ವಿಂಗಡಿಸಿದರು. ಹದ್ದು ಕುಸಿಯುವ ಮುಂಚಿನ ಮತ್ತು ಆಮೇಲಿನ ಸಾವಿನ ಪ್ರಮಾಣವನ್ನು ಎರಡೂ ಕಡೆ ಹೋಲಿಸಿದರು. ಹದ್ದು ಇದ್ದು ಕಳೆದುಕೊಂಡ ಜಿಲ್ಲೆಗಳಲ್ಲಿ ಮನುಷ್ಯರ ಸಾವು ಶೇ 4ಕ್ಕಿಂತ ಹೆಚ್ಚು ಏರಿತ್ತು. 2000ದಿಂದ 2005ರವರೆಗೆ ಸುಮಾರು ಐದು ಲಕ್ಷ ಹೆಚ್ಚುವರಿ ಸಾವು ಎಂಬುದು ಅವರ ಅಂದಾಜು. ಕೊಳೆಯಲು ಬಿಟ್ಟ ದನದ ಹೆಣ ಹಳ್ಳಕೊಳ್ಳಗಳ ನೀರು ಕೆಡಿಸಿತು. ಹದ್ದಿನ ಪಾಲು ನಾಯಿಗೆ ಸಿಕ್ಕಿ ನಾಯಿಗಳು ಹೆಚ್ಚಿದವು, ಹುಚ್ಚುನಾಯಿ ಕಡಿತವೂ. ಇದು ಅಂದಾಜೇ ಹೊರತು ತಲೆಯೆಣಿಕೆಯಲ್ಲ, ವಿಧಾನದ ಬಗ್ಗೆ ತಕರಾರು ತೆಗೆಯುವವರು ತೆಗೆಯಲಿ. ಗಮನಿಸಬೇಕಾದದ್ದು ಬೇರೆ: ಸತ್ತವರ ಪೈಕಿ ಯಾರ ಮರಣಪತ್ರದಲ್ಲೂ ರಣಹದ್ದು ಎಂದು ಬರೆದಿರಲಿಲ್ಲ. ಒಬ್ಬೊಬ್ಬ ರೋಗಿಯನ್ನು ನೋಡಿದರೆ ಕಾಣದ ಕಾರಣ, ಜಿಲ್ಲೆ ಜಿಲ್ಲೆಯನ್ನು ಪಕ್ಕಪಕ್ಕ ಇಟ್ಟಾಗ ಕಂಡಿತು. ಅದಕ್ಕೆ ಬೇಕಾಗಿದ್ದು ಎರಡೇ ದಾಖಲೆ, ಎಲ್ಲಿ ಯಾವ ಪರಿಸರವಿತ್ತು, ಎಲ್ಲಿ ಎಷ್ಟು ಜನ ಸತ್ತರು.

ಇಂಥ ಅಧ್ಯಯನದ ಮಾತೆತ್ತಿದರೆ ಏಳುವ ಆಕ್ಷೇಪಣೆಗಳಲ್ಲಿ ಒಂದು ಹಳೆಯದು: ಇಂಥ ಕಾಯಿಲೆ ಇಂಥ ಮಾಲಿನ್ಯದಿಂದಲೇ ಬಂತು ಎಂದು ಮೊದಲು ಸಾಬೀತು ಮಾಡಿ. ಬೀಡಿ, ಸಕ್ಕರೆ ಕಾಯಿಲೆ, ಬಡತನ ಎಲ್ಲ ಹೆಣೆದುಕೊಂಡ ದೇಹದಲ್ಲಿ ಒಂದೇ ಎಳೆ ಎಳೆದು ತೋರಿಸುವುದು ಕಷ್ಟವೇ. ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ನಂಟು ತೋರಿಸಿದವರಲ್ಲೊಬ್ಬನಾದ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ 1965ರಲ್ಲಿ ಲಂಡನ್ನಿನಲ್ಲಿ ಔದ್ಯೋಗಿಕ ವೈದ್ಯರ ಮುಂದೆ ಮಾತಾಡುತ್ತ ಇದಕ್ಕೆ ಉತ್ತರ ಕೊಟ್ಟಿದ್ದ. ವಿಜ್ಞಾನದ ಕೆಲಸ ಎಂದೂ ಅಪೂರ್ಣವೇ. ಆದರೆ ಇರುವಷ್ಟು ತಿಳಿವನ್ನು ಕಡೆಗಣಿಸಲು ಅದು ನೆಪವಾಗದು ಎಂಬುದು ಅವನ ವಾದದ ತಿರುಳು. ಬಿಚ್ಚಾಣಿಕೆ ಶೆಡ್ಡಿಗೆ ಹೊಗೆ–ಹಬೆ ಹೊರಹಾಕುವ ಫ್ಯಾನು ಹಾಕಿಸಲು, ಕ್ರಷರಿಗೆ ನೀರಿನ ಸಿಂಪಡಣೆ ಕೂರಿಸಲು ಅಂತಿಮ ಪುರಾವೆಗಾಗಿ ಕಾಯಬೇಕಿಲ್ಲ. ಹುಳು ಸಾಕುವವನು ಪಕ್ಕದ ಹೊಲದ ಔಷಧಿಯ ಬಗ್ಗೆ ಅಂಥ ಪುರಾವೆ ಕೇಳುವುದೂ ಇಲ್ಲ.

ಎರಡನೆಯ ಆಕ್ಷೇಪಣೆ ಹೆಚ್ಚು ತೂಕದ್ದು, ಅದನ್ನು ಎತ್ತುವವರು ಇಲ್ಲಿನ ಜನರೇ. ಬೈರಮಂಗಲದ ಸೊಪ್ಪಿನಲ್ಲಿ ಲೋಹ ಇದೆ ಎಂದು ಪೇಪರಿನಲ್ಲಿ ಬಂದ ದಿನ ನಷ್ಟ ಆಗುವುದು ನೀರು ಕೆಡಿಸಿದವನಿಗಲ್ಲ, ಸೊಪ್ಪು ಬೆಳೆದವನಿಗೆ. ಉಬ್ಬಸ ಇದೆ ಎಂದು ಚೀಟಿಯಲ್ಲಿ ಬರೆಸಿಕೊಂಡವಳನ್ನು ಮಾಲೀಕ ನಾಳೆಯಿಂದ ಬರಬೇಡ ಎನ್ನಬಹುದು. ಹಾಗಾಗಿ ಜನ ಸುಮ್ಮನಿರುತ್ತಾರೆ, ಕೇಳಲು ಹೋದ ಸಂಶೋಧಕರಿಗೆ ಎಲ್ಲ ಚೆನ್ನಾಗಿದೆ ಎನ್ನುತ್ತಾರೆ. ಈ ಅಂಜಿಕೆ ಸಕಾರಣವಾದದ್ದು. ಇದನ್ನು ಅಜ್ಞಾನ ಎನ್ನುವ ತಜ್ಞರಿಗೆ ಊರು ಅರ್ಥವಾಗಿಲ್ಲ. ಫಲಿತಾಂಶ ಮೊದಲು ಆಯಾ ಗ್ರಾಮ ಪಂಚಾಯಿತಿಯ ಮುಂದೆ ಬರಬೇಕು, ಹೆಸರು ಗುಟ್ಟಾಗಿರಬೇಕು, ನೀರು ಕೆಡಿಸಿದವರಿಂದ ಪರಿಹಾರದ ಹಣ ಬರುವ ದಾರಿಯನ್ನು ಅಧ್ಯಯನ ಶುರುವಾಗುವ ಮುಂಚೆಯೇ ಬರೆದಿಡಬೇಕು. ಇಷ್ಟಿಲ್ಲದೆ ಮಾಡುವ ಅಧ್ಯಯನ ಪ್ರಬಂಧವಾದೀತು, ಆರೋಗ್ಯವಾಗದು.

ಖರ್ಚಿನ ಮಾತು ಮೂರನೆಯದು, ಅದು ಅಷ್ಟು ಗಟ್ಟಿಯಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯ ದಾದಿಯರು 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಆರು ದಶಕದ ನಂತರ ಸಂಶೋಧಕರು ಅದೇ ಮಕ್ಕಳನ್ನು ನಡುವಯಸ್ಸಿನವರಾಗಿ, ಮುದುಕರಾಗಿ ಹುಡುಕಿ ತೆಗೆದರು. ಗರ್ಭದಲ್ಲಿ ಸಿಕ್ಕ ಪೋಷಣೆಗೂ ಮುಂದೆ ಬರುವ ಹೃದ್ರೋಗ, ಸಕ್ಕರೆ ಕಾಯಿಲೆಗೂ ಇರುವ ನಂಟನ್ನು ಕುರಿತ ಜಗತ್ತಿನ ಮುಖ್ಯ ಅಧ್ಯಯನಗಳಲ್ಲಿ ಮೈಸೂರಿನದೂ ಒಂದಾಯಿತು. ಇತ್ತ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ 45 ದಾಟಿದ ಹಳ್ಳಿಗರ ಮಿದುಳಿನ ಆರೋಗ್ಯವನ್ನು ವರ್ಷಾನುವರ್ಷ ಹಿಂಬಾಲಿಸುವ, ಹತ್ತು ಸಾವಿರ ಮಂದಿಯ ಗುರಿಯ ಅಧ್ಯಯನವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 2018ರಿಂದ ನಡೆಸುತ್ತಿದೆ. ಶ್ರೀನಿವಾಸಪುರದಲ್ಲಿ ಆಗುವುದು ಮಾಗಡಿಯಲ್ಲಿ ಆಗದೆ? ಆರೋಗ್ಯ ವಿಶ್ವವಿದ್ಯಾಲಯದ ಆವರಣ ರಾಮನಗರಕ್ಕೆ ಬರುವ ಮಾತು ಬಹುಕಾಲದಿಂದ ನಡೆದೇ ಇದೆ. ಕಟ್ಟಡಕ್ಕಿಂತ ಮೊದಲು ಅಲ್ಲಿ ಶುರು ಮಾಡಬಹುದಾದ ಕೆಲಸ ಇದು.

ರಾಮನಗರಕ್ಕೆ ಶ್ರೀನಿವಾಸಪುರಕ್ಕೂ ಇಲ್ಲದ ಒಂದು ಅನುಕೂಲ ಇದೆ. 1959ರ ಅದೇ ಕಾಯ್ದೆಯ ಪ್ರಕಾರ ಬಿಚ್ಚಾಣಿಕೆದಾರರು ಪರವಾನಗಿ ಪಡೆದಿರಲೇಬೇಕು. ಗೂಡಿನ ಮಾರುಕಟ್ಟೆಯ ಹರಾಜಿನಲ್ಲಿ ಯಾರು ಯಾವ ದಿನ ಎಷ್ಟು ಕಿಲೋ ಕೊಂಡರು ಎಂಬುದು ಕಂಪ್ಯೂಟರಿನಲ್ಲಿದೆ. ಅಂದರೆ ಯಾವ ಶೆಡ್ಡಿನಲ್ಲಿ ಎಷ್ಟು ಗೂಡು ಬೆಂದಿತು, ಹಬೆ ಎಷ್ಟು ಎದ್ದಿರಬಹುದು ಎಂಬ ಅಂದಾಜಿನ ಅರ್ಧ ಲೆಕ್ಕ ರೇಷ್ಮೆ ಇಲಾಖೆಯ ಬಳಿ ಆಗಲೇ ಇದೆ. ಉಳಿದರ್ಧಕ್ಕೆ ಬೇಕಾದದ್ದು ಆ ಶೆಡ್ಡುಗಳಲ್ಲಿ ಕೂರುವವರ ಪಟ್ಟಿ, ವರ್ಷಕ್ಕೊಮ್ಮೆ ಉಸಿರಿನ ಬಲ ಅಳೆಯುವ ಪುಟ್ಟ ಯಂತ್ರದೊಂದಿಗೆ ಬರುವ ಒಬ್ಬ ಆರೋಗ್ಯ ಸಹಾಯಕಿ, ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರದ ಚೀಟಿಯಲ್ಲಿ ಕೆಲಸ ಹಾಗೂ ಕುಡಿಯುವ ನೀರಿನ ಮೂಲ ಬರೆಯಲು ಎರಡು ಖಾನೆ. ರೇಷ್ಮೆ, ಕಾರ್ಮಿಕ, ಆರೋಗ್ಯ ಇಲಾಖೆಗಳು ಮೂರೂ ಒಂದೇ ಜಿಲ್ಲಾಧಿಕಾರಿಯ ಸಭೆಗೆ ಬರುತ್ತವೆ. ಮುಂದಿನ ಸಭೆಯ ಕಾರ್ಯಸೂಚಿಗೆ ಇದನ್ನು ಸೇರಿಸಲು ಸರ್ಕಾರದ ಹೊಸ ಆದೇಶ, ಹೊಸ ಅನುದಾನ ಯಾವುದೂ ಬೇಕಿಲ್ಲ.